ದಿನಾರಿನ ಲೆಕ್ಕ ಮನೆಗೂ ತಿಳಿಯಲಿ

ತಮ್ಮಾ, ಬಹ್ರೈನ್‌ನ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಕೆಲಸ ಅಂದರೆ ಊರಲ್ಲಿ ಆ ಹೆಸರಿಗೇ ಒಂದು ತೂಕ. ಬ್ಯಾಂಕು, ಸರ್ಕಾರಿ ಕಚೇರಿ, ದೊಡ್ಡ ಹೋಟೆಲುಗಳ ನಡುವೆ ನಮ್ಮ ಹುಡುಗ ಕೂತಿದ್ದಾನೆ ಎಂದು ಮನೆಯವರು ಹಿಗ್ಗುತ್ತಾರೆ. ಆದರೆ ಇತ್ತೀಚೆಗೆ ನೀನು ಹಲ್ಲು ಕಚ್ಚಿಕೊಂಡೇ ಮಾತಾಡುತ್ತೀಯ. ಭುಜ ಎರಡೂ ಕಿವಿಯ ಹತ್ತಿರ ಏರಿ ನಿಂತಿವೆ. ಫೋನು ಸದ್ದು ಮಾಡದಿದ್ದರೂ ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತೀಯ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ ಅನ್ನುತ್ತೀಯ.

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಹೇಳಿದ್ದ: ಚಳಿಯೋ ಗಾಯವೋ ವಿಷವೋ, ಪೆಟ್ಟು ಯಾವುದಾದರೂ ದೇಹ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಸೆಟೆದು ನಿಲ್ಲುತ್ತದೆ. ಮ್ಯಾನೇಜರನ ಮೇಲ್ ಇರಲಿ, ಸಾಲದ ಕಂತಿರಲಿ, ವೀಸಾ ನವೀಕರಣವಿರಲಿ, ಒಳಗೆ ಸುರಿಯುವುದು ಅದೇ ಅಡ್ರಿನಲಿನ್, ಅದೇ ಕಾರ್ಟಿಸೋಲ್. ಸುರಿದದ್ದು ಇಳಿಯಬೇಕು. ಇಳಿಯದಿದ್ದರೆ ನಿದ್ದೆ, ಹಸಿವು, ರಕ್ತದೊತ್ತಡ ಎಲ್ಲವೂ ಕೆಡುತ್ತವೆ.

ನಿನಗೆ ಇಳಿಯಲು ಬಿಡುವೆಲ್ಲಿ? ಇಲ್ಲಿ ಬೆಳಗಿನ ಐದೂವರೆ ಅಂದರೆ ಊರಲ್ಲಿ ಎಂಟು; ಹಾಸಿಗೆ ಬಿಡುವ ಮೊದಲೇ ಮನೆಯ ವಾಟ್ಸ್ಆಪ್ ಶುರು. ಭಾನುವಾರ ಇಲ್ಲಿ ಕೆಲಸದ ದಿನ; ಅವರು ನಿರಾಳವಾಗಿ ಫೋನ್ ಮಾಡುವಾಗ ನೀನು ಆಫೀಸಿನಲ್ಲಿ.

ಇದೆಲ್ಲಕ್ಕಿಂತ ಭಾರವಾದದ್ದು ನೀನು ಮುಚ್ಚಿಟ್ಟ ಲೆಕ್ಕ. ಒಂದು ದಿನಾರಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ. ನಿನ್ನ ಸಂಬಳವನ್ನು ಊರಲ್ಲಿ ಎಲ್ಲರೂ ಗುಣಿಸುತ್ತಾರೆ. ಬೆಡ್‌ಸ್ಪೇಸಿನ ಬಾಡಿಗೆ, ಮೆಸ್ಸು, ಟಿಕೆಟ್ಟಿನ ದುಡ್ಡನ್ನು ಗುಣಿಸುವವರು ಯಾರೂ ಇಲ್ಲ, ಯಾಕೆಂದರೆ ನೀನು ಹೇಳಿಯೇ ಇಲ್ಲ. ತಾರಸಿ ಹಾಕಿಸೋಣ ಅಂದರೆ ಹೂಂ, ತಂಗಿಯ ಮದುವೆಗೆ ಇಷ್ಟು ಬೇಕು ಅಂದರೆ ಹೂಂ. ಆಮೇಲೆ ಸ್ನೇಹಿತರ ಹತ್ತಿರ ಸಾಲ. ಗಲ್ಫಿನಲ್ಲಿ ನಮ್ಮ ಹುಡುಗರನ್ನು ಕೆಲಸಕ್ಕಿಂತ ಹೆಚ್ಚಾಗಿ ಹಣ್ಣು ಮಾಡುವುದು ಈ ಹೂಂಗುಟ್ಟುವಿಕೆಯೇ ಎಂದು ನನಗನ್ನಿಸುತ್ತದೆ.

ಈ ಶುಕ್ರವಾರ ಬೆಳಿಗ್ಗೆ ಕೂತು ಒಂದು ಹಾಳೆಯಲ್ಲಿ ಬರೆ: ಸಂಬಳ ಎಷ್ಟು, ಇಲ್ಲಿ ಖರ್ಚೆಷ್ಟು, ಸಾಲವೆಷ್ಟು, ಎಕ್ಸ್‌ಚೇಂಜಿನಿಂದ ಮನೆಗೆ ಕಳಿಸಲು ಉಳಿಯುವುದೆಷ್ಟು. ಮೊದಲು ಅಪ್ಪನಿಗೆ ಹೇಳು. ಅಮ್ಮ ಒಂದೆರಡು ದಿನ ನೊಂದುಕೊಳ್ಳಬಹುದು. ನೊಂದುಕೊಳ್ಳಲಿ, ನಿನ್ನನ್ನು ಹೆತ್ತವರು ಅವರು, ಇಷ್ಟು ತಿಳಿಯುವ ಹಕ್ಕು ಅವರಿಗಿದೆ. ತಾರಸಿ ಒಂದು ವರ್ಷ ತಡವಾದರೆ ಯಾರೂ ಮುಳುಗುವುದಿಲ್ಲ.

ಬಹ್ರೈನ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಯಲಲ್ಲಿ ದುಡಿಸಬಾರದೆಂಬ ಕಾನೂನಿದೆ. ದೇಹಕ್ಕೊಂದು ಮಿತಿಯಿದೆ ಎಂದು ಸರ್ಕಾರವೇ ಒಪ್ಪಿದೆ. ಎಸಿಯಲ್ಲಿ ಕೂತವನಿಗೆ ಅಂಥ ಕಾನೂನಿಲ್ಲ, ನೀನೇ ಮಾಡಿಕೋ. ಸಂಜೆ ಬಿಸಿಲು ಇಳಿದ ಮೇಲೆ ಫೋನನ್ನು ಬ್ಯಾಗಿಗೆ ಹಾಕಿ, ನ್ಯಾಷನಲ್ ಮ್ಯೂಸಿಯಂ ಕಡೆ ಸಮುದ್ರದ ದಂಡೆಗೆ ಅರ್ಧ ಗಂಟೆ ನಡೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಲಿ, ಎದೆಬಡಿತ ತಗ್ಗುತ್ತದೆ. ರಜೆಯ ದಿನ ಕನ್ನಡ ಸಂಘದ ಕಡೆ ಬಾ, ನಾಲ್ಕು ಜನರ ಜೊತೆ ಕೂತು ಮಾತಾಡು.

ಇಷ್ಟಾದರೂ ಎರಡು ವಾರ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯದೆ, ಡಾಕ್ಟರ ಬಳಿ ಹೋಗು. ಕಷ್ಟದಲ್ಲಿರುವ ಭಾರತೀಯರಿಗಾಗಿ ಇಲ್ಲಿ ಐಸಿಆರ್‌ಎಫ್ ಎಂಬ ನೆರವು ಸಂಸ್ಥೆ ಇದೆ, ಭಾರತದ ರಾಯಭಾರ ಕಚೇರಿ ಇದೆ. ಒಬ್ಬನೇ ಹೋಗಲು ಹಿಂಜರಿಕೆಯಾದರೆ ಹೊತ್ತು ನೋಡದೆ ನನಗೆ ಫೋನ್ ಮಾಡು, ನಾನೂ ಜೊತೆಗೆ ಬರುತ್ತೇನೆ.