ಊರ ಮರ್ಯಾದೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಗದ್ದೆಗಳತ್ತ ಸಾಗುವ ದಾರಿಯಲ್ಲಿ, ಸಾಣಾಪುರದ ಹೆಬ್ಬಂಡೆಗಳ ನಡುವೆ ಕೆರೆಯಾಗಿ ನಿಲ್ಲುತ್ತದೆ. ದಡದಲ್ಲಿ ನಿಂತು ನೋಡಿದವರಿಗೆ ಇಲ್ಲಿ ನೀರಿಗೇನು ಬಡತನ ಎನ್ನಿಸೀತು. ಆದರೆ ಕೆರೆಯ ನೀರು ತಾನಾಗಿಯೇ ಯಾರ ಮನೆಯ ಕೊಡವನ್ನೂ ತುಂಬುವುದಿಲ್ಲ. ನೀರನ್ನು ಮೇಲೆತ್ತಬೇಕು, ಶುದ್ಧಗೊಳಿಸಬೇಕು, ಕೊಳವೆಗಳಲ್ಲಿ ಹರಿಸಬೇಕು. ಬಳಸಿ ಬಿಟ್ಟ ನೀರು ಬೀದಿಯಲ್ಲಿ ನಿಲ್ಲದಂತೆ ಚರಂಡಿ ಕಟ್ಟಬೇಕು. ಈ ಹೊಣೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯದು, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆಯದು. ದೆಹಲಿ, ಬೆಂಗಳೂರುಗಳ ಅಧಿಕಾರವನ್ನು ಕುರಿತು ನಾವು ದಿನವೂ ಮಾತನಾಡುತ್ತೇವೆ. ನಮ್ಮ ಓಣಿಯ ನಲ್ಲಿಯನ್ನು ನೋಡಿಕೊಳ್ಳುವ ಅಧಿಕಾರವನ್ನು ಮರೆಯುತ್ತೇವೆ. ಆ ಚಿಕ್ಕ ಅಧಿಕಾರದಿಂದ ಎಷ್ಟು ದೊಡ್ಡ ಕೆಲಸವಾದೀತೆಂಬುದಕ್ಕೆ ನಮ್ಮ ನಾಡಿನ ಇನ್ನೊಂದು ತುದಿಯ ಉಡುಪಿಯಲ್ಲಿ ಒಂದು ನಿದರ್ಶನವಿದೆ.

1968ರಲ್ಲಿ ಉಡುಪಿ ಪುರಸಭೆಗೆ ನಡೆದ ಚುನಾವಣೆಯಲ್ಲಿ ಭಾರತೀಯ ಜನಸಂಘವು ಬಹುಮತ ಪಡೆಯಿತು. ಡಾ. ವೇದವ್ಯಾಸ ಶ್ರೀನಿವಾಸ ಆಚಾರ್ಯ ಅವರು ಅಧ್ಯಕ್ಷರಾದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾಗಿದ್ದ ಅವರ ಮುಂದೆ ಈಗ ಇಡೀ ಊರಿನ ಆರೋಗ್ಯದ ಪ್ರಶ್ನೆ ಇತ್ತು.

ಆ ಕಾಲದಲ್ಲಿ ನಮ್ಮ ಅನೇಕ ಪಟ್ಟಣಗಳಲ್ಲಿದ್ದ ಒಂದು ಪದ್ಧತಿಯನ್ನು ನೆನೆದರೆ ಇಂದು ತಲೆ ತಗ್ಗಿಸಬೇಕಾಗುತ್ತದೆ. ಮನೆಗಳ ಹಿತ್ತಲಿನಲ್ಲಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು. ಅಲ್ಲಿ ಸೇರಿದ ಮಲವನ್ನು ಕೈಯಿಂದ ಬಳಿದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಊರಾಚೆಗೆ ಸಾಗಿಸುವ ಕೆಲಸವನ್ನು ಸಮಾಜವು ಕೆಲವು ಜಾತಿಗಳಲ್ಲಿ ಹುಟ್ಟಿದವರ ಪಾಲಿಗೆ ಕಟ್ಟಿತ್ತು. ನನ್ನ ಬಾಲ್ಯದಲ್ಲಿ, ಬೆಳಗಿನ ಹೊತ್ತು ಬುಟ್ಟಿ ಹೊತ್ತ ಒಬ್ಬ ತಾಯಿ ನಮ್ಮ ಓಣಿಗೆ ಬರುತ್ತಿದ್ದಳು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಅವಳ ಮುಖದ ಮೇಲೆ ಇಳಿಯುತ್ತಿತ್ತು. ಹುಡುಗರಾದ ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಹಿರಿಯರು ನಮ್ಮನ್ನು ಗದರಿಸಲಿಲ್ಲ. ಅವಳ ಹೆಸರೇನೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಊರು ಸ್ವಚ್ಛವಾಗುತ್ತಿತ್ತು, ಊರ ಮರ್ಯಾದೆ ಮಾತ್ರ ದಿನವೂ ಬೀದಿಯಲ್ಲಿ ಹೋಗುತ್ತಿತ್ತು.

ಇಂಥ ಪದ್ಧತಿಯನ್ನು ಕೇವಲ ಒಂದು ಠರಾವಿನಿಂದ ನಿಲ್ಲಿಸಲಾಗದು. ಮನೆಮನೆಯ ಒಣ ಪಾಯಿಖಾನೆಯನ್ನು ತೆಗೆಸಿ, ನೀರು ಹಾಕಿ ತೊಳೆಯುವ ಶೌಚಾಲಯವನ್ನು ಕಟ್ಟಿಸಬೇಕು. ಅದಕ್ಕೆ ಮನೆಯ ಒಡೆಯರನ್ನು ಒಪ್ಪಿಸಬೇಕು. ಬುಟ್ಟಿ ಇಳಿಸಿದವರಿಗೆ ಬೇರೆ ದುಡಿಮೆಯನ್ನು ಒದಗಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಊರಿಗೆ ನೀರು ಬೇಕು. ಕರಾವಳಿಯಲ್ಲಿ ಮಳೆ ಧಾರಾಳವಾಗಿ ಸುರಿದರೂ ಬೇಸಿಗೆಯ ಕೊನೆಗೆ ಬಾವಿಗಳ ತಳ ಕಾಣಿಸುತ್ತದೆ. ನೀರಿನ ಪ್ರಶ್ನೆಗೂ ಮಾನದ ಪ್ರಶ್ನೆಗೂ ಇರುವ ನಂಟು ಇದು.

ಆಚಾರ್ಯರ ಕಾಲದ ಪುರಸಭೆಯು ಈ ಎರಡು ಪ್ರಶ್ನೆಗಳನ್ನೂ ಕೈಗೆತ್ತಿಕೊಂಡಿತು. ಸ್ವರ್ಣಾ ನದಿಯ ನೀರನ್ನು ಪಟ್ಟಣಕ್ಕೆ ತರುವ ಯೋಜನೆ ರೂಪುಗೊಂಡಿತು. ಹಿರಿಯಡಕದ ಸಮೀಪದ ಬಜೆಯಿಂದ ಇಂದಿಗೂ ಉಡುಪಿಗೆ ನೀರು ಬರುತ್ತದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇಶದಲ್ಲಿ ಮೊದಮೊದಲು ನಿಲ್ಲಿಸಿದ ಪಟ್ಟಣಗಳ ಸಾಲಿಗೆ ಉಡುಪಿ ಸೇರಿತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಈ ಪದ್ಧತಿಯನ್ನು ರಾಜ್ಯದಲ್ಲೆಲ್ಲ ನಿಷೇಧಿಸಿದರು. ಸಂಸತ್ತು ಇದಕ್ಕಾಗಿ ಕಾಯಿದೆ ಮಾಡಿದ್ದು 1993ರಲ್ಲಿ. ಇನ್ನೂ ಬಿಗಿಯಾದ ಕಾಯಿದೆ ಬಂದದ್ದು 2013ರಲ್ಲಿ. ದೆಹಲಿಗಿಂತ ಎರಡು ದಶಕ ಮೊದಲೇ ಒಂದು ಚಿಕ್ಕ ಪಟ್ಟಣ ಎಚ್ಚೆತ್ತಿತ್ತೆಂಬುದು ಗಮನಿಸತಕ್ಕ ಸಂಗತಿ. ಆದರೂ ಕೆಲಸ ಮುಗಿದಿಲ್ಲ. ಒಳಚರಂಡಿಯ ಗುಂಡಿಗೆ ಇಳಿದು ವಿಷಗಾಳಿಗೆ ಬಲಿಯಾದವರ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

'ಮನೆ ಗೆದ್ದು ಮಾರು ಗೆಲ್ಲು' ಎಂಬುದು ನಮ್ಮ ಗಾದೆ. ಆಚಾರ್ಯರ ಮುಂದಿನ ಬಾಳು ಇದಕ್ಕೆ ತಕ್ಕಂತೆ ನಡೆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ಸೆರೆಮನೆಯನ್ನು ಕಂಡರು. 1983ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. ಮುಂದೆ ವೈದ್ಯಕೀಯ ಶಿಕ್ಷಣ, ಗೃಹ, ಉನ್ನತ ಶಿಕ್ಷಣ ಖಾತೆಗಳ ಸಚಿವರಾದರು. 2012ರ ಫೆಬ್ರುವರಿ 14ರಂದು ತೀರಿಕೊಂಡಾಗಲೂ ಸಚಿವರಾಗಿಯೇ ಇದ್ದರು. ದೊಡ್ಡ ಪದವಿಗಳಲ್ಲಿ ಹೊಗಳಿಕೆಯೂ ತೆಗಳಿಕೆಯೂ ಇದ್ದೇ ಇರುತ್ತವೆ. ಪುರಸಭೆಯ ಕೆಲಸವನ್ನಾದರೋ ಪಕ್ಷಭೇದವಿಲ್ಲದೆ ಅಳೆಯಬಹುದು: ನಲ್ಲಿಯನ್ನು ತಿರುಗಿಸಿದರೆ ಸಾಕು, ಸತ್ಯ ತಿಳಿಯುತ್ತದೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯಿತಿ, ಪುರಸಭೆಗಳಿಗೆ ಸಂವಿಧಾನದ ಆಸರೆಯನ್ನು ಒದಗಿಸಿದವು. ಇನ್ನು ಕೆಲವೇ ವರ್ಷಗಳಲ್ಲಿ ನಿಮಗೂ ಮತದಾನದ ಹಕ್ಕು ದೊರೆಯುತ್ತದೆ. ಸಾಣಾಪುರದಲ್ಲಾಗಲಿ ಗಂಗಾವತಿಯಲ್ಲಾಗಲಿ, ನಿಮ್ಮ ಬಾಗಿಲಿಗೆ ಮತ ಕೇಳಲು ಬರುವವರು ನಿಮಗೆ ಮುಖ ಪರಿಚಯವಿರುವವರೇ ಆಗಿರುತ್ತಾರೆ. ಜಾತಿ ಯಾವುದು, ಪಕ್ಷ ಯಾವುದು ಎಂದು ವಿಚಾರಿಸುವ ಮೊದಲು ಅವರನ್ನು ಒಂದು ಮಾತು ಕೇಳಿರಿ: "ಯಾರ ತಲೆಯ ಮೇಲಿನ ಭಾರವನ್ನು ಇಳಿಸುವಿರಿ?"

ಅಭ್ಯಾಸ

1. ಕೆರೆ ತುಂಬಿದ್ದರೂ ಕೊಡ ತುಂಬುವುದಿಲ್ಲ ಏಕೆ?
2. ಮಲ ಹೊರುವ ಪದ್ಧತಿಯನ್ನು ಕೇವಲ ಠರಾವಿನಿಂದ ನಿಲ್ಲಿಸಲು ಸಾಧ್ಯವಿಲ್ಲವೆಂದು ಲೇಖಕರು ಹೇಳಲು ಕಾರಣಗಳೇನು?
3. 'ಊರ ಮರ್ಯಾದೆ ಮಾತ್ರ ದಿನವೂ ಬೀದಿಯಲ್ಲಿ ಹೋಗುತ್ತಿತ್ತು' — ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
4. ನಿಮ್ಮ ಊರಿನ ಪಂಚಾಯಿತಿ ಅಥವಾ ಪುರಸಭೆಯ ಒಂದು ಸಭೆಗೆ ಹೋಗಿ ಬಂದು, ಅಲ್ಲಿ ಕಂಡುದನ್ನು ಒಂದು ಪುಟ ಬರೆಯಿರಿ.