ಚಿಟ್ಟೆಗೆ ಛತ್ರವೂ ಬೇಕು, ತೌರುಮನೆಯೂ ಬೇಕು

ಹಿಂದೂಪುರದ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಕೀಟಗಳ ಜೀವನಚಕ್ರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೊಟ್ಟೆಯಿಂದ ಹೊರಬಂದ ಎಳೆಹುಳು ಹಿಪ್ಪುನೇರಳೆ ಸೊಪ್ಪನ್ನು ತಿಂದು, ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆ ಕಳಚಿ, ಐದನೆಯ ಹಂತದಲ್ಲಿ ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ತಂದೆಯವರ ಸಂಗಡ ಗೂಡಿನ ಮಾರುಕಟ್ಟೆಗೆ ಹೋಗಿಬಂದವರೂ ನಿಮ್ಮಲ್ಲಿ ಇರಬಹುದು. ಆದರೆ ಅದೇ ಮನೆಯ ಹಿತ್ತಲಿನ ನಿಂಬೆ ಗಿಡದ ಮೇಲೆ ಒಂದು ಹುಳು ಕಾಣಿಸಿಕೊಂಡಿತೆಂದರೆ, ಹಿರಿಯರಾದ ನಾವು ಒಡನೆಯೇ ಔಷಧಿಯ ಡಬ್ಬಿಯನ್ನು ಹುಡುಕುತ್ತೇವೆ.

ಈ ಲೇಖಕನೂ ಅಂತಹ ತಪ್ಪನ್ನು ಮಾಡಿದವನೇ. ಕೆಲವು ವರ್ಷಗಳ ಕೆಳಗೆ, ಮನೆಯ ನಿಂಬೆ ಸಸಿಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತಹ ಕಲೆಗಳು ಕಾಣಿಸಿದುವು. ಹತ್ತಿರ ಹೋಗಿ ನೋಡಿದರೆ ಅವು ಹುಳುಗಳು. ಮುಟ್ಟಿದೊಡನೆ ತಲೆಯ ಹಿಂದಿನಿಂದ ಕವಲೊಡೆದ ಕೋಡಿನಂತಹ ಅಂಗವನ್ನು ಹೊರಚಾಚಿ ದುರ್ವಾಸನೆ ಬೀರಿದುವು. ಹೇಸಿ, ಔಷಧಿ ಹೊಡೆದುಬಿಟ್ಟೆನು. ಸಂಜೆ ನನ್ನ ಮಗಳು ಶಾಲೆಯಿಂದ ಬಂದು, "ಅಪ್ಪಾ, ನನ್ನ ಹುಳುಗಳೆಲ್ಲಿ? ಐದು ಇದ್ದುವು, ದಿನವೂ ಎಣಿಸುತ್ತಿದ್ದೆ" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಳುಗಳೇ ನಿಂಬೆ ಚಿಟ್ಟೆಯ ಮರಿಗಳೆಂಬುದನ್ನು ನಾನು ಪುಸ್ತಕದಿಂದ ತಿಳಿದುಕೊಂಡದ್ದು ಆಮೇಲೆ. ಆ ಅರಿವಿನಿಂದಲೇ ಈ ಲೇಖನವು ಹುಟ್ಟಿದೆ.

ಪರದೇಶದ ಚಿಟ್ಟೆಗಿಡ

ತೋಟಗಾರಿಕೆಯ ಪುಸ್ತಕಗಳಲ್ಲಿ 'ಚಿಟ್ಟೆಗಿಡ' ಎಂದು ಹೊಗಳಿಸಿಕೊಂಡಿರುವುದು ಬಡ್ಲಿಯಾ ಎಂಬ ಪೊದೆ. ಆಡಮ್ ಬಡ್ಲ್ ಎಂಬ ಇಂಗ್ಲೆಂಡಿನ ಪಾದ್ರಿಯು ಸಸ್ಯಶಾಸ್ತ್ರಜ್ಞನೂ ಆಗಿದ್ದನು. ಆತನ ಸ್ಮರಣಾರ್ಥವಾಗಿ ಗಿಡಕ್ಕೆ ಈ ಹೆಸರು ಬಂದಿದೆ. ಇವುಗಳಲ್ಲಿ ಪ್ರಸಿದ್ಧವಾದ ಜಾತಿಯ ಮೂಲಸ್ಥಾನ ಚೀನಾದೇಶ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಅದು, ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಪಾಳಾದ ನಿವೇಶನಗಳಲ್ಲಿಯೂ ರೈಲುಹಾದಿಯ ಬದಿಗಳಲ್ಲಿಯೂ ತಾನಾಗಿ ಹಬ್ಬಿ, ಇಂದು ಅಲ್ಲಿಯವರಿಗೆ ಉಪದ್ರವವೂ ಆಗಿದೆ. ತಂಪು ಸೀಮೆಯ ಆ ಗಿಡವು ನಮ್ಮ ಬಿಸಿಲಿಗೆ ಒಗ್ಗುವಂತಹುದಲ್ಲ. ಆದರೆ ಅದಕ್ಕಾಗಿ ಚಿಂತಿಸಬೇಕಾದುದಿಲ್ಲ. ನಮ್ಮ ಚಿಟ್ಟೆಗಳಿಗೆ ಬೇಕಾದ ಗಿಡಗಳು ನಮ್ಮ ನೆಲದಲ್ಲಿಯೇ ಇವೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ಚಿಟ್ಟೆಗೆ ಎರಡು ಬಗೆಯ ಗಿಡಗಳು ಬೇಕು. ಮಕರಂದ ಕೊಡುವ ಹೂಗಿಡವು ದಾರಿಹೋಕರಿಗೆ ಅನ್ನವಿಕ್ಕುವ ಛತ್ರವಿದ್ದಂತೆ: ಬಂದಿತು, ಉಂಡಿತು, ಹೋಯಿತು. ಮೊಟ್ಟೆಯಿಡುವುದಕ್ಕೆ ಮಾತ್ರ ಅದು ತನ್ನ ಮರಿಗಳು ತಿನ್ನಬಲ್ಲ ಎಲೆಯ ಗಿಡವನ್ನೇ ಹುಡುಕಿಕೊಂಡು ಹೋಗುತ್ತದೆ; ಹೆಣ್ಣುಮಗಳು ಬಾಣಂತನಕ್ಕೆ ತೌರುಮನೆಗೆ ಬರುವಂತೆ. ತೌರುಮನೆಯಿಲ್ಲದ ಊರಿನಲ್ಲಿ ಛತ್ರಗಳೆಷ್ಟಿದ್ದರೂ ಚಿಟ್ಟೆಯ ಸಂತಾನ ಬೆಳೆಯುವುದಿಲ್ಲ.

ತೌರುಮನೆಯ ಗಿಡಗಳು

ನಿಂಬೆ, ಕರಿಬೇವು, ಬಿಲ್ವ: ನಿಂಬೆ ಚಿಟ್ಟೆಯ ಹುಳುಗಳು ಇವುಗಳ ಎಲೆಯನ್ನು ತಿಂದು ಬೆಳೆಯುತ್ತವೆ.

ಎಕ್ಕ: ಕಲ್ಯಾಣದುರ್ಗದ ಕಡೆಯ ಬಂಜರು ಭೂಮಿಗೆ ಇದು ಒಗ್ಗಿದ ಗಿಡ. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚಿರುವ ಹುಲಿಚಿಟ್ಟೆಯ ಮರಿಗಳಿಗೆ ಇದೇ ಆಹಾರ. ಎಕ್ಕದ ಹಾಲಿನಲ್ಲಿರುವ ವಿಷವು ಹುಳುವಿನ ಮೈಯಲ್ಲಿ ಸೇರಿ, ಚಿಟ್ಟೆಯಾದ ಮೇಲೂ ಉಳಿಯುವುದರಿಂದ, ಒಮ್ಮೆ ರುಚಿ ನೋಡಿದ ಹಕ್ಕಿಯು ಮತ್ತೆ ಅದರ ಗೊಡವೆಗೆ ಹೋಗದು. ಇದನ್ನು ನೆಟ್ಟು ಬೆಳೆಸಬೇಕಾದುದಿಲ್ಲ. ಬೇಲಿಯ ಮೂಲೆಯಲ್ಲಿ ತಾನಾಗಿ ಹುಟ್ಟಿದುದನ್ನು ಕೀಳದಿದ್ದರೆ ಸಾಕು. ಹಾಲು ಕಣ್ಣಿಗೆ ತಗುಲದಂತೆ ಎಚ್ಚರಿಕೆ ಅಗತ್ಯ.

ತಂಗಡಿ: ಹಳದಿ ಹೂವಿನ ಈ ಪೊದೆಯು ಮಳೆ ಕಡಮೆಯಾದರೂ ಬಾಡದು. ಬಿಳಿ-ಹಸುರು ಛಾಯೆಯ ವಲಸೆ ಚಿಟ್ಟೆಗಳು ಇದರ ಮೇಲೆ ಮೊಟ್ಟೆಯಿಡುತ್ತವೆ.

ಕಣಗಿಲೆ ಮತ್ತು ಹರಳು: ಮೊದಲನೆಯದರಲ್ಲಿ ಕಂದುಗಪ್ಪು ಬಣ್ಣದ ಕಾಗೆಚಿಟ್ಟೆಯೂ ಎರಡನೆಯದರಲ್ಲಿ ಕಂದುಬಣ್ಣದ ಹರಳುಚಿಟ್ಟೆಯೂ ಬೆಳೆಯುತ್ತವೆ. ಕಣಗಿಲೆಯ ಗಿಡವೆಲ್ಲವೂ ಹರಳಿನ ಬೀಜವೂ ವಿಷವಾದುದರಿಂದ, ಚಿಕ್ಕ ಮಕ್ಕಳೂ ದನಕರುಗಳೂ ಓಡಾಡುವ ಕಡೆ ಇವು ಬೇಡ.

ಛತ್ರದ ಗಿಡಗಳಿಗಾಗಿ ರತ್ನಗಂಧಿ, ನಿತ್ಯಪುಷ್ಪ, ಚೆಂಡುಹೂವು, ತುಳಸಿ ಇವುಗಳನ್ನು ಬೆಳೆಸಬಹುದು. ಲಾಂಟಾನದ ಹೂವಿಗೆ ಚಿಟ್ಟೆಗಳು ಮುತ್ತುವುದು ನಿಜ. ಆದರೆ ಹೊರಗಿನಿಂದ ಬಂದ ಆ ಕಳೆಯು ನಮ್ಮ ಕಾಡುಗಳನ್ನೇ ನುಂಗುತ್ತಿರುವುದರಿಂದ ಅದನ್ನು ನೆಡಕೂಡದು.

ನೆಡುವ ಮತ್ತು ಸಾಕುವ ಕ್ರಮ

2022ರಿಂದ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಿಲ್ಲೆ ಬೇರೆಯಾದರೂ ಬರ ಒಂದೇ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಆದುದರಿಂದ ನೀರಿನ ಲೆಕ್ಕವೇ ಮೊದಲ ಪಾಠ.

ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೆರೆಗೋಡನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಿ ಸಸಿ ನೆಡಿರಿ. ಬುಡದಿಂದ ಒಂದು ಗೇಣು ದೂರದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಡಿರಿ. ಮಡಕೆಯ ಮೈಯಿಂದ ಜಿನುಗುವ ನೀರನ್ನು ಬೇರುಗಳು ಹೀರಿಕೊಳ್ಳುತ್ತವೆ. ಬಿಸಿಲಿಗೆ ಆವಿಯಾಗಿ ಹೋಗುವುದು ಅತ್ಯಲ್ಪ. ಬುಡದ ಸುತ್ತ ಕಡಲೆಕಾಯಿ ಸಿಪ್ಪೆಯನ್ನು ಹರಡಿದರೆ ತೇವ ಉಳಿಯುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನೂ ಉಪಯೋಗಿಸಬಹುದು. ಸಾಬೂನಿನ ನೀರು ಬೇಡ.

ಚಿಟ್ಟೆಯು ಹಾರಬೇಕಾದರೆ ಅದರ ಮೈ ಬಿಸಿಯೇರಬೇಕು. ಆದಕಾರಣ ಗಿಡಗಳು ಚೆನ್ನಾಗಿ ಬಿಸಿಲು ಬೀಳುವ, ಗಾಳಿಗೆ ಗೋಡೆಯ ಮರೆಯಿರುವ ಜಾಗದಲ್ಲಿರಲಿ. ಹತ್ತಿರದಲ್ಲಿ ಒಂದು ಚಪ್ಪಟೆ ಕಲ್ಲನ್ನಿಡಿರಿ. ಹಳೆಯ ತಟ್ಟೆಯಲ್ಲಿ ಮರಳು, ಮಣ್ಣು, ಚಿಟಿಕೆ ಉಪ್ಪು ಹಾಕಿ ಸದಾ ಒದ್ದೆಯಾಗಿಟ್ಟರೆ, ಗಂಡು ಚಿಟ್ಟೆಗಳು ಲವಣಾಂಶವನ್ನು ಹೀರಲು ಅಲ್ಲಿಗೆ ಇಳಿಯುತ್ತವೆ. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತವೆ. ಕೊಂಬೆ ಕತ್ತರಿಸುವ ಮೊದಲು ಮೊಟ್ಟೆಯಾಗಲಿ ಕೋಶವಾಗಲಿ ಇದೆಯೇ ಎಂದು ನೋಡತಕ್ಕದ್ದು.

ತಂದೆತಾಯಿಗಳ ಸಂದೇಹ

"ಹುಳುಗಳು ಎಲೆಯನ್ನೆಲ್ಲ ತಿಂದರೆ ನಿಂಬೆಯ ಗತಿಯೇನು?" ಎಂದು ಹಿರಿಯರು ಕೇಳುವುದು ನ್ಯಾಯವೇ. ಬೇರೂರಿ ಬೆಳೆದ ಗಿಡವು ಕೆಲವು ಎಲೆಗಳನ್ನು ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಎಳೆಯ ಸಸಿಗೆ ಮಾತ್ರ ಅಪಾಯವುಂಟು. ಆಗ ಹುಳುಗಳನ್ನು, ಅವು ಕುಳಿತ ಎಲೆಯ ಸಮೇತ, ದೊಡ್ಡ ನಿಂಬೆ ಗಿಡಕ್ಕೋ ಬಿಲ್ವದ ಮರಕ್ಕೋ ವರ್ಗಾಯಿಸಿರಿ. ಮೈತುಂಬ ರೋಮವಿರುವ ಕಂಬಳಿಹುಳುಗಳನ್ನು ಬರಿಗೈಯಿಂದ ಮುಟ್ಟಬಾರದು; ತುರಿಕೆಯುಂಟಾಗುತ್ತದೆ.

ಔಷಧಿಯ ವಿಷಯವನ್ನು ರೇಷ್ಮೆ ಬೆಳೆಗಾರರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಕ್ಕದ ಹೊಲದಲ್ಲಿ ಹೊಡೆದ ವಿಷವು ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ತಟ್ಟೆತಟ್ಟೆಯ ಹುಳುಗಳು ಸಾಯುವುದನ್ನು ಅವರು ಬಲ್ಲರು. ಅನ್ನ ಕೊಡುವ ಹುಳುವಿಗೆ ತೋರುವ ಆ ಎಚ್ಚರಿಕೆಯನ್ನು, ಏನನ್ನೂ ಕೊಡದಂತೆ ತೋರುವ ಹುಳುವಿಗೂ ತೋರಬಾರದೇಕೆ?

ಮಾಡಿ ನೋಡಿರಿ

ನಿಂಬೆ ಅಥವಾ ಕರಿಬೇವಿನ ಚಿಗುರಿನಲ್ಲಿ ಸಾಸುವೆಗಿಂತ ಚಿಕ್ಕದಾದ, ತಿಳಿಹಳದಿಯ ಗುಂಡು ಮೊಟ್ಟೆಯನ್ನು ಹುಡುಕಿರಿ. ಕಂಡ ದಿನವನ್ನು ಬರೆದಿಡಿರಿ. ಹಿಕ್ಕೆಯಂತಿದ್ದ ಹುಳುವು ಯಾವ ದಿನ ಹಸುರಾಯಿತು, ಯಾವ ದಿನ ಕೋಶವಾಯಿತು, ಯಾವ ದಿನ ಹಾರಿತು ಎಂಬುದನ್ನೂ ಗುರುತಿಸಿರಿ. ಎಲ್ಲಕ್ಕೂ ಸುಮಾರು ಒಂದು ತಿಂಗಳು ಹಿಡಿಯಬಹುದು. ರೇಷ್ಮೆಹುಳುವಿನ ದಿನಗಳೊಡನೆ ಹೋಲಿಸಿರಿ. ಬೆಂಗಳೂರಿಗೆ ಹೋದಾಗ, 2006ರಲ್ಲಿ ಪ್ರಾರಂಭವಾದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನವನ್ನೂ ನೋಡಿಬನ್ನಿರಿ.

ನಮ್ಮ ಮನೆಯ ನಿಂಬೆ ಈಗ ಆಳೆತ್ತರ ಬೆಳೆದಿದೆ. ಮಗಳು ಮತ್ತೆ ಹುಳುಗಳನ್ನು ಎಣಿಸುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೋಶವೊಂದು ಬಿರಿದು, ಒದ್ದೆರೆಕ್ಕೆಯ ಚಿಟ್ಟೆಯೊಂದು ಹೊರಬಂದು ಕೊಂಬೆಗೆ ಜೋತುಬಿದ್ದಿತ್ತು. ರೆಕ್ಕೆ ಆರುವವರೆಗೆ ನಾವಿಬ್ಬರೂ ಮಾತಿಲ್ಲದೆ ಕಾದೆವು. ಅಂದು ಅವಳು ಶಾಲೆಗೆ ತಡವಾಗಿ ಹೋದಳು. ತಡವಾದುದಕ್ಕೆ ಕಾರಣವನ್ನು ಚೀಟಿಯಲ್ಲಿ ನಾನೇ ಬರೆದುಕೊಟ್ಟೆನು.