ಬಿಸಿಲು ಎಲ್ಲರದು, ಬಾಡಿಗೆ ಯಾರದು?

ಪಾವಗಡ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ನಕಾಶೆ ನೋಡಿ. ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ಹಳ್ಳಿಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು ಅಲ್ಲಿ ಬಹಳ ಮಂದಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಮುಖ್ಯ ಬೆಳೆ ಕಡಲೆಕಾಯಿ. ಮಳೆ ಬಂದ ವರ್ಷ ಕಾಯಿ, ಬಾರದ ವರ್ಷ ಸಾಲ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದವರು ಎಷ್ಟೋ ಜನ.

ಆ ಬಿಸಿಲಿಗೂ ಒಂದು ದಿನ ಬೆಲೆ ಬಂತು. ಬಿಸಿಲಿನಿಂದ ಕರೆಂಟು ಮಾಡಲು 2015ರಲ್ಲಿ ಸರ್ಕಾರ ಒಂದು ನಿಗಮ ಮಾಡಿತು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು – ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕ ನಿಲ್ಲಿಸಿದರು. ಜನ ಅದನ್ನು ಪ್ಲೇಟು ಅಂತಾರೆ. 2018ರ ಮಾರ್ಚಿಯಲ್ಲಿ ಉದ್ಘಾಟನೆ ಆಯಿತು. 2019ರ ಕೊನೆಗೆ ಕೆಲಸ ಪೂರ್ತಿ ಮುಗಿಯಿತು. ಅದರ ಶಕ್ತಿ 2,050 ಮೆಗಾವಾಟ್.

ಮೆಗಾವಾಟ್ ಅಂದರೆ ಎಷ್ಟು? ಒಂದು ಕರೆಂಟಿನ ಇಸ್ತ್ರಿಪೆಟ್ಟಿಗೆಗೆ ಸುಮಾರು 1,000 ವಾಟ್ ಬೇಕು. ಅಂಥ ಸಾವಿರ ಪೆಟ್ಟಿಗೆ ಒಟ್ಟಿಗೇ ಕಾದರೆ ಒಂದು ಮೆಗಾವಾಟ್. ಬಿಸಿಲು ಚೆನ್ನಾಗಿರುವಾಗ ಪಾವಗಡದ ಕರೆಂಟಿನಿಂದ 20 ಲಕ್ಷ ಪೆಟ್ಟಿಗೆ ಕಾಯಿಸಬಹುದು! ಕಲ್ಲಿದ್ದಲು ಸುಡಬೇಕಾಗಿಲ್ಲ, ಹೊಗೆ ಇಲ್ಲ. ಅಣೆಕಟ್ಟಿಗಾಗಿ ಊರು ಮುಳುಗಿಸಬೇಕಾಗಿಲ್ಲ. ಒಳ್ಳೆಯದೇ.

ಜಮೀನನ್ನು ಅಲ್ಲಿ ಕೊಂಡುಕೊಳ್ಳಲಿಲ್ಲ. ರೈತರಿಂದ ಗುತ್ತಿಗೆಗೆ ಪಡೆದರು, ಅದೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲಕ್ಕೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಬನ್ನಿ, ಲೆಕ್ಕ ಹಾಕೋಣ. ಮೂರು ಎಕರೆ ಇದ್ದ ಮನೆಗೆ ಮೊದಲು ವರ್ಷಕ್ಕೆ 63,000 ರೂಪಾಯಿ. ಎರಡು ವರ್ಷ ಆದ ಮೇಲೆ 66,150. ಮಳೆ ಬರಲಿ ಬಿಡಲಿ, ದುಡ್ಡು ಬರುತ್ತೆ. ಬರದಲ್ಲಿ ಬೆಂದವರಿಗೆ ಇದು ಸಣ್ಣ ಮಾತಲ್ಲ. ಆದರೆ ಎರಡು ವರ್ಷದಲ್ಲಿ ಬೇಳೆ, ಎಣ್ಣೆಯ ಬೆಲೆ ನೂರಕ್ಕೆ ಐದೇ ಏರುತ್ತಾ? ಪೇಟೆಗೆ ಹೋಗಿ ಬರುವವರು ನೀವೇ ಹೇಳಿ.

ಈಗ ಪಕ್ಕದ ಮನೆಗೆ ಹೋಗೋಣ. ಆ ಮನೆಗೆ ಜಮೀನಿಲ್ಲ. ಮನೆಯಾಕೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ತರುತ್ತಿದ್ದಳು. ಹೊಲದಲ್ಲಿ ಪ್ಲೇಟು ನಿಂತ ಮೇಲೆ ಕಳೆ ಎಲ್ಲಿ, ಕಾಯಿ ಎಲ್ಲಿ? ಬಾಡಿಗೆ ಹೊಲದ ಒಡೆಯನಿಗೆ ಬಂತು. ಕೂಲಿ ಹೋದದ್ದು ಯಾವ ಕಾಗದದಲ್ಲೂ ಬರೆದಿಲ್ಲ. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು – ಇಂಥ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಬೇಲಿ ಬಿದ್ದ ಮೇಲೆ ಕುರಿ ಮೇಯಿಸುವವರು ದೂರ ದೂರ ಸುತ್ತಬೇಕಾಯಿತು.

ಬಗರ್ ಹುಕುಂ ಸಾಗುವಳಿಯವರ ಪಾಡು ಇನ್ನೊಂದು. ಎಷ್ಟೋ ವರ್ಷ ಸರ್ಕಾರಿ ಜಮೀನು ಉತ್ತವರು ಅವರು. ಬೆವರು ಅವರದು, ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದಿದ್ದರೆ ಬಾಡಿಗೆಯೂ ಇಲ್ಲ. ಇವರಲ್ಲಿ ದಲಿತರೂ ಇದ್ದಾರೆ.

ಜಮೀನು ಇದ್ದ ಮನೆಯಲ್ಲೂ ಒಂದು ಮಾತಿದೆ. ಪಹಣಿ ಗಂಡನ ಹೆಸರಿನಲ್ಲಿದ್ದರೆ ಬಾಡಿಗೆ ಅವನ ಬ್ಯಾಂಕ್ ಖಾತೆಗೇ ಬೀಳುತ್ತೆ. ಅವನ ಜೊತೆ ಹೊಲದಲ್ಲಿ ಬಗ್ಗಿ ದುಡಿದ ಹೆಂಡತಿ ಖರ್ಚಿಗೆ ಅವನ ಮುಂದೆ ಕೈ ಒಡ್ಡಬೇಕು.

ನಾಳೆ ನಿಮ್ಮ ಊರಿಗೂ ಸೋಲಾರಿನವರೋ ಗಾಳಿಯಂತ್ರದವರೋ ಬರಬಹುದು. ಸಹಿ ಹಾಕುವ ಮೊದಲು ಕಾಗದ ಮನೆಗೆ ತನ್ನಿ. ನಿಧಾನವಾಗಿ ಓದಿ. ಗೊತ್ತಾಗದ ಮಾತಿನ ಕೆಳಗೆ ಗೆರೆ ಎಳೆಯಿರಿ. ಎಷ್ಟು ವರ್ಷಕ್ಕೆ ಗುತ್ತಿಗೆ? ಬಾಡಿಗೆ ತಡವಾದರೆ ಯಾರನ್ನು ಕೇಳಬೇಕು? ಬದು ಅಳಿಸಿ ಹೋದರೆ, ಮುಂದೆ ನಮ್ಮ ಜಮೀನು ಅಳೆದು ಕೊಡುವವರು ಯಾರು? ಕೂಲಿಯವರಿಗೆ ಏನು ಕೊಡ್ತೀರಿ? ಇವನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರೇ ಕೇಳಿ. ಜಮೀನಿಲ್ಲದವರೂ ಸಭೆಗೆ ಬರಬೇಕು, ಹೆಂಗಸರೂ ಬರಬೇಕು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ.

ಇವತ್ತು ಮನೆಗೆ ಹೋಗಿ ಪಹಣಿ ತೆಗೆಯಿರಿ. 9ನೇ ಕಾಲಂ ಓದಿ. ಅಲ್ಲಿ ಯಾರ ಹೆಸರಿದೆ? ತೀರಿಹೋದ ಮಾವನ ಹೆಸರೇ ಇನ್ನೂ ಇದೆಯಾ? ನಾಳೆ ಕೇಂದ್ರಕ್ಕೆ ಬರುವಾಗ ಆ ಹೆಸರನ್ನು ಬರೆದುಕೊಂಡು ಬನ್ನಿ.